ಅಂಜೂರ: ತಳಿ ಆಮೇಲೆ, ಸವರಿದ ದಿನ ಮೊದಲು

ಪ್ರಶ್ನೆ: ಮೈಸೂರಿನ ಹೊರವಲಯದಲ್ಲಿ ನಮ್ಮ ಮನೆ. ನಾಲ್ಕು ವರ್ಷದಿಂದ ಐದು ಅಂಜೂರ ಗಿಡ ಸಾಕಿದ್ದೇನೆ. ಪೂನಾ ಅಂಜೂರ ಹಿತ್ತಲಲ್ಲಿ ಮಾವಿನ ಮರದ ಪಕ್ಕ ನೆಲದಲ್ಲಿದೆ. ಬ್ರೌನ್ ಟರ್ಕಿ, ಡಿಯಾನಾ ತಾರಸಿಯ ಮೇಲೆ ಕುಂಡದಲ್ಲಿವೆ. ಕಾನಾಡ್ರಿಯಾ ಕಾಂಪೌಂಡ್ ಗೋಡೆಗೆ ಒತ್ತಿಕೊಂಡಿದೆ. ಐದನೆಯದು ನಮ್ಮತ್ತೆ ಟರ್ಕಿಯ ಒಣ ಅಂಜೂರದ ಬೀಜ ಉದುರಿಸಿ ಎಬ್ಬಿಸಿದ ಗಿಡ. ಇಂಟರ್ನೆಟ್ಟಿನ ಪಟ್ಟಿಗಳಲ್ಲಿ ಬ್ರೌನ್ ಟರ್ಕಿ ಆಗಸ್ಟ್‌ನಲ್ಲಿ ಹಣ್ಣಾಗುತ್ತದೆ ಅಂತಿದೆ. ನಮ್ಮದು ಒಂದು ವರ್ಷ ಡಿಸೆಂಬರಿನಲ್ಲಿ ಕೊಟ್ಟಿತು, ಇನ್ನೊಂದು ವರ್ಷ ಏಪ್ರಿಲ್‌ನಲ್ಲಿ. ಪೂನಾ ಗಿಡದ ಕಾಯಿ ಎರಡು ತಿಂಗಳಿಂದ ಗೋಲಿ ಗಾತ್ರದಲ್ಲೇ ನಿಂತಿದೆ. ಅತ್ತೆಯ ಗಿಡದ ಕಾಯಿ ಒಂದೂ ಉಳಿಯದೆ ಉದುರುತ್ತದೆ. ಅಕ್ಕ ನ್ಯೂಜೆರ್ಸಿಯಲ್ಲಿ ಚಿಕಾಗೊ ಹಾರ್ಡಿ ಅನ್ನುವ ತಳಿ ಹಾಕಿ ಪ್ರತಿ ಸೆಪ್ಟೆಂಬರ್ ತಪ್ಪದೆ ತಿನ್ನುತ್ತಾಳೆ. ಯಾವ ತಳಿ ಯಾವ ತಿಂಗಳು ಹಣ್ಣಾಗುತ್ತದೆ ಎಂಬ ಒಂದು ಕ್ಯಾಲೆಂಡರ್ ಕೊಡುತ್ತೀರಾ?

ಉತ್ತರ: ಕ್ಯಾಲೆಂಡರ್ ಕೊಟ್ಟರೆ ಅದು ಸುಳ್ಳಾಗುತ್ತದೆ, ಅದಕ್ಕೇ ಕೊಡುತ್ತಿಲ್ಲ. ನಿಮ್ಮ ಬ್ರೌನ್ ಟರ್ಕಿ ಎರಡು ವರ್ಷ ಎರಡು ಕಾಲದಲ್ಲಿ ಹಣ್ಣು ಕೊಟ್ಟು ನನಗಿಂತ ಮೊದಲೇ ಆ ಮಾತು ಹೇಳಿದೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಐದು ಗಿಡಗಳ ಹೆಸರಿದೆ, ಜಾಗವಿದೆ, ಹಣ್ಣಾದ ತಿಂಗಳೂ ಇದೆ. ಒಂದೇ ಒಂದು ವಿಷಯ ಇಲ್ಲ: ಯಾವ ಗಿಡವನ್ನು ಯಾವತ್ತು ಸವರಿದಿರಿ, ಅಂದರೆ ರೆಂಬೆ ಕತ್ತರಿಸಿದಿರಿ, ಎಂಬುದು. ಉತ್ತರದ ಮುಕ್ಕಾಲು ಪಾಲು ಅಲ್ಲೇ ಇದೆ.

ನೀವು ನೋಡಿದ ಪಟ್ಟಿಗಳು ಚಳಿಗಾಲ ಇರುವ ಊರುಗಳಲ್ಲಿ ಹುಟ್ಟಿದವು. ಕ್ಯಾಲಿಫೋರ್ನಿಯಾ, ಇಟಲಿ, ಇಂಗ್ಲೆಂಡ್, ಎಲ್ಲಿ ನೋಡಿದರೂ ಅಂಜೂರ ಚಳಿಗೆ ಎಲೆ ಉದುರಿಸಿ ಬೋಳಾಗಿ ಮಲಗುತ್ತದೆ. ಚಳಿ ಬಿಟ್ಟ ಮೇಲೆ ಊರಿನ ಎಲ್ಲ ಗಿಡಗಳೂ ಹೆಚ್ಚುಕಡಿಮೆ ಒಟ್ಟಿಗೆ ಕಣ್ಣುಬಿಡುತ್ತವೆ. ಶಾಲೆಯ ಓಟದ ಪಂದ್ಯದಲ್ಲಿ ಮಕ್ಕಳನ್ನೆಲ್ಲ ಸುಣ್ಣದ ಗೆರೆಯ ಮೇಲೆ ನಿಲ್ಲಿಸಿ ಸೀಟಿ ಊದುತ್ತಾರಲ್ಲ, ಹಾಗೆ. ಗೆರೆ ಒಂದೇ ಆದಾಗ ಯಾರು ಮೊದಲು ಮುಟ್ಟಿದರು ಅನ್ನುವುದಕ್ಕೆ ಅರ್ಥವಿರುತ್ತದೆ. ಅಲ್ಲಿ 'ಬೇಗದ ತಳಿ', 'ತಡದ ತಳಿ' ಅನ್ನುವ ಮಾತು ನಿಜ.

ಮೈಸೂರಿನಲ್ಲಿ ಆ ಗೆರೆ ಎಳೆಯುವವರಾರು? ಡಿಸೆಂಬರ್-ಜನವರಿಯಲ್ಲಿ ನಮ್ಮ ಅಂಜೂರ ಸ್ವಲ್ಪ ಮಂಕಾಗುತ್ತದೆ, ನಾಲ್ಕು ಎಲೆ ಹಳದಿಯಾಗುತ್ತವೆ, ಅಷ್ಟೇ. ನೀರು ಬಿಟ್ಟರೆ ಚಿಗುರುತ್ತಲೇ ಇರುತ್ತದೆ. ಅಂಜೂರಕ್ಕೆ ಸೇಬಿನ ಹಾಗೆ ತಿಂಗಳುಗಟ್ಟಲೆ ಚಳಿ ತಿಂದರೆ ಮಾತ್ರ ಮೊಗ್ಗು ಬಿಡುವ ಹಟವಿಲ್ಲ. ಅದಕ್ಕೇ ನಮ್ಮ ನೆಲದಲ್ಲಿ ಬದುಕುತ್ತದೆ, ಅದಕ್ಕೇ ಲೆಕ್ಕವನ್ನೂ ತಪ್ಪಿಸುತ್ತದೆ. ನಮ್ಮಲ್ಲಿ ಗಿಡಕ್ಕೆ ಚಳಿಗಾಲ ಬರುವುದು ನಿಮ್ಮ ಕೈಯ ಕತ್ತರಿಯಿಂದ. ಹಿತ್ತಲಿನಲ್ಲಿ ನೀವು ಜೂನಿನಲ್ಲಿ ಒಂದು ಗಿಡ, ಸೆಪ್ಟೆಂಬರಿನಲ್ಲಿ ಇನ್ನೊಂದು ಗಿಡ ಸವರಿ 'ಯಾವುದು ಬೇಗದ ತಳಿ' ಅಂದರೆ, ಒಬ್ಬ ಹುಡುಗನನ್ನು ಬೆಳಿಗ್ಗೆಯೇ ಓಡಲು ಬಿಟ್ಟು ಇನ್ನೊಬ್ಬನನ್ನು ಮಧ್ಯಾಹ್ನ ಬಿಟ್ಟ ಹಾಗಾಯಿತು.

ಹೆಸರಿನ ಗೊಂದಲ ಬೇರೆ. ಬ್ರೌನ್ ಟರ್ಕಿ ಅನ್ನುವ ಹೆಸರಿನಲ್ಲಿ ಜಗತ್ತಿನಲ್ಲಿ ಕನಿಷ್ಠ ಎರಡು ಬೇರೆ ಬೇರೆ ಗಿಡಗಳಿವೆ. ಇಂಗ್ಲೆಂಡಿನ ಮನೆಗಳ ಗೋಡೆ ಪಕ್ಕ ಬೆಳೆಯುವುದು ಒಂದು, ಕ್ಯಾಲಿಫೋರ್ನಿಯಾದ ತೋಟದವರು ಅದೇ ಹೆಸರಲ್ಲಿ ಮಾರುವ ದೊಡ್ಡ ಹಣ್ಣಿನದು ಇನ್ನೊಂದು. ಎರಡರ ಮಾಗುವ ಕಾಲವೂ ಬೇರೆ. ನಮ್ಮ ನರ್ಸರಿಗಳಿಗೆ ಬಂದಿರುವುದು ಯಾವುದು ಅಂತ ಚೀಟಿ ನೋಡಿ ಹೇಳಲಾಗದು. 'ಇಸ್ರೇಲ್ ಅಂಜೂರ', 'ಥಾಯ್ ಅಂಜೂರ' ಅಂತ ಬರೆದ ಚೀಟಿಗಳಂತೂ ಮಾರುವವನ ಕಲ್ಪನೆ. ಎಲೆಯ ಸೀಳು ನೋಡಿ ತಳಿ ಹೇಳುತ್ತೇನೆ ಅನ್ನುವವರನ್ನೂ ಪೂರ್ತಿ ನಂಬಬೇಡಿ. ಒಂದೇ ಗಿಡದಲ್ಲಿ ಮೂರು ಸೀಳಿನ ಎಲೆ, ಐದು ಸೀಳಿನ ಎಲೆ, ಸೀಳೇ ಇಲ್ಲದ ಎಲೆ ಮೂರನ್ನೂ ನಾನು ಕಂಡಿದ್ದೇನೆ.

ಈಗ ಗೋಲಿ ಗಾತ್ರದಲ್ಲಿ ನಿಂತ ಕಾಯಿಯ ವಿಷಯ. ಇದು ರೋಗವಲ್ಲ, ಅಂಜೂರದ ಸ್ವಭಾವ. ಬಹಳ ಜನ ಇಲ್ಲಿ ಗಾಬರಿಯಾಗಿ ಗೊಬ್ಬರದ ಮೇಲೆ ಗೊಬ್ಬರ ಸುರಿದು ಕೆಡಿಸಿಕೊಳ್ಳುತ್ತಾರೆ.

ಅಂಜೂರದ ಕಾಯಿ ಮೂರು ಹಂತದಲ್ಲಿ ಬೆಳೆಯುತ್ತದೆ. ಎಲೆಯ ಕಂಕುಳಲ್ಲಿ ಕಡಲೆಕಾಳಿನಷ್ಟು ಮೂಡಿ, ಐದಾರು ವಾರ ಚುರುಕಾಗಿ ದಪ್ಪವಾಗುತ್ತದೆ. ಆಮೇಲೆ ಸುಮ್ಮನಾಗುತ್ತದೆ. ಬಣ್ಣ ಬದಲಾಗದು, ಗಾತ್ರ ಹೆಚ್ಚದು, ಒತ್ತಿದರೆ ಕಲ್ಲು. ಈ ಮೌನ ಮೂರು ವಾರ ಇರಬಹುದು, ಏಳು ವಾರ ಇರಬಹುದು. ಹೊರಗೆ ಏನೂ ಕಾಣದಿದ್ದರೂ ಒಳಗೆ ನೂರಾರು ಪುಟ್ಟ ಹೂವುಗಳು ಬಲಿಯುತ್ತಿರುತ್ತವೆ. ನಾವು ಹಣ್ಣು ಅನ್ನುವುದು ನಿಜವಾಗಿ ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು ತಾನೆ. ಕೊನೆಗೆ ಒಂದು ದಿನ ತೊಟ್ಟು ಬಾಗುತ್ತದೆ. ಅಲ್ಲಿಂದ ಒಂದು ವಾರ, ಹೆಚ್ಚೆಂದರೆ ಎರಡು ವಾರದಲ್ಲಿ ಕಾಯಿ ಕಣ್ಣೆದುರೇ ಊದುತ್ತದೆ. ಹಣ್ಣಿನ ಒಟ್ಟು ಸಕ್ಕರೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ತುಂಬುವುದು ಈ ಕೊನೆಯ ದಿನಗಳಲ್ಲೇ. ಸಿಹಿ ತುಂಬಬೇಕಾದ ವಾರದಲ್ಲಿ ಮೋಡ ಮುಚ್ಚಿದರೆ, ಎಲೆ ಉದುರಿದ್ದರೆ, ಮೂರು ತಿಂಗಳ ಕಾಯುವಿಕೆಗೆ ಸಪ್ಪೆ ಹಣ್ಣು ಸಿಗುವುದು ಇದಕ್ಕೇ.

ಮಧ್ಯದ ಮೌನ ಎಷ್ಟು ದಿನ ಎಂಬುದನ್ನು ತಳಿ ಸ್ವಲ್ಪ ಮಟ್ಟಿಗೆ ತೀರ್ಮಾನಿಸುತ್ತದೆ, ಬಿಸಿಲು ಬಹಳ ಮಟ್ಟಿಗೆ. ನಿಮ್ಮ ಪೂನಾ ಗಿಡ ಮಾವಿನ ನೆರಳಿನಲ್ಲಿದೆ. ತಾರಸಿಯ ಕುಂಡದ ಮಣ್ಣು ಬೆಳಿಗ್ಗೆ ಹತ್ತಕ್ಕೇ ಬೆಚ್ಚಗಾಗಿರುತ್ತದೆ, ಮಾವಿನ ಬುಡದ ಮಣ್ಣು ಮಧ್ಯಾಹ್ನವಾದರೂ ತಣ್ಣಗೇ ಇರುತ್ತದೆ. ಇದೇ ಪೂನಾ ಗಿಡದ ಕಡ್ಡಿಯನ್ನು ತಾರಸಿಯಲ್ಲಿ ಬೆಳೆಸಿದರೆ ತಾಯಿಗಿಂತ ವಾರಗಟ್ಟಲೆ ಮೊದಲು ಹಣ್ಣು ಕೊಟ್ಟು ನಿಮ್ಮನ್ನು ಬೆರಗುಗೊಳಿಸುತ್ತದೆ. ನೀವು ಈಗ ಹೋಲಿಸುತ್ತಿರುವುದು ಪೂನಾವನ್ನು ಬ್ರೌನ್ ಟರ್ಕಿಗೆ ಅಂದುಕೊಂಡಿದ್ದೀರಿ. ಹೋಲಿಸುತ್ತಿರುವುದು ಮಾವಿನ ಮರವನ್ನು ತಾರಸಿಗೆ.

ನಿಂತ ಕಾಯಿಯನ್ನು ಹೊರಡಿಸುವ ಒಂದು ಹಳೆಯ ಉಪಾಯವಿದೆ, ಹೇಳಿಬಿಡುತ್ತೇನೆ. ಕಾಯಿಯ ತುದಿಯಲ್ಲಿ ಒಂದು ಪುಟ್ಟ ತೂತಿರುತ್ತದಲ್ಲ, ಅದನ್ನು ಕಣ್ಣು ಅನ್ನುತ್ತಾರೆ. ಮೆಡಿಟರೇನಿಯನ್ ಕಡೆಯ ರೈತರು ಆ ಕಣ್ಣಿಗೆ ಒಂದು ಹನಿ ಆಲಿವ್ ಎಣ್ಣೆ ಮುಟ್ಟಿಸುತ್ತಿದ್ದರು. ಸಮಯ ಸರಿಯಾಗಿದ್ದರೆ ಒಂದು ವಾರದಲ್ಲಿ ಕಾಯಿ ಊದಿ ಮಾಗುತ್ತದೆ. ಪಕ್ಕದ ಎಣ್ಣೆ ಮುಟ್ಟದ ಕಾಯಿ ಹಾಗೇ ಹಸಿರಾಗಿ ಕೂತಿರುತ್ತದೆ. ಎಣ್ಣೆಯಿಂದ ಕಾಯಿಯೊಳಗೆ ಎಥಿಲೀನ್ ಅನಿಲ ಎದ್ದು ಮಾಗುವಿಕೆಗೆ ಚಾಲನೆ ಸಿಗುತ್ತದೆ ಎಂಬುದು ಅದರ ಹಿಂದಿನ ಕಾರಣ. ಬಾಳೆಗೊನೆಗೆ ಹೊಗೆ ಹಾಕುತ್ತಿದ್ದದ್ದು ಇದರ ದಾಯಾದಿಯೇ. ಈಜಿಪ್ಟಿನವರು ಇನ್ನೂ ಹಿಂದಿನಿಂದ ಇದೇ ಕುಟುಂಬದ ಸಿಕಮೋರ್ ಅತ್ತಿಯ ಕಾಯಿಗಳನ್ನು ಚೂರಿಯಿಂದ ಗೀರುತ್ತಿದ್ದರು. ಗೀರಿದ ನಾಲ್ಕನೆಯ ದಿನಕ್ಕೆ ಕಾಯಿ ಹಣ್ಣಾಗುತ್ತದೆ ಎಂದು ಗ್ರೀಕ್ ಪಂಡಿತ ಥಿಯೋಫ್ರಾಸ್ಟಸ್ ಎರಡು ಸಾವಿರದ ಮುನ್ನೂರು ವರ್ಷದ ಹಿಂದೆ ಬರೆದಿಟ್ಟಿದ್ದಾನೆ.

ಆದರೆ ಅವಸರ ಬೇಡ. ಮೌನದ ಹಂತ ಮುಗಿಯುವ ಹೊತ್ತಿನಲ್ಲಿ, ಕಣ್ಣಿನ ಸುತ್ತ ಕೆಂಪು ಛಾಯೆ ಮೂಡಿದಾಗ ಎಣ್ಣೆ ಮುಟ್ಟಿಸಬೇಕು. ಅದಕ್ಕೆ ಮೊದಲೇ ಹಚ್ಚಿದರೆ ಕಾಯಿ ಮೆತ್ತಗಾಗಿ ಒಳಗೆ ಹತ್ತಿಯ ಹಾಗೆ ಒಣಗಿರುತ್ತದೆ, ಅಥವಾ ಉದುರುತ್ತದೆ. ನಾನು ಮೊದಲ ಸಲ ಮಾಡಿದಾಗ ಉತ್ಸಾಹದಲ್ಲಿ ಗಿಡದ ಅಷ್ಟೂ ಕಾಯಿಗೆ ಹಚ್ಚಿ, ಅಷ್ಟೂ ಕಾಯಿ ಗುಡಿಸಿ ತಿಪ್ಪೆಗೆ ಹಾಕಿದೆ. ಒಂದು ರೆಂಬೆಯಲ್ಲಿ ಅತಿ ಕೆಳಗಿನ ಎರಡು ಕಾಯಿಗೆ ಮಾತ್ರ ಮಾಡಿ ನೋಡಿ. ಅಡುಗೆ ಎಣ್ಣೆಯೂ ನಡೆಯುತ್ತದೆ. ರುಚಿ ತಾನಾಗಿ ಮಾಗಿದ್ದಕ್ಕಿಂತ ಒಂದು ಕೈ ಕಡಿಮೆಯೇ.

ಇನ್ನು ತಿಂಗಳ ಲೆಕ್ಕ. ಇದಕ್ಕೆ ಕ್ಯಾಲಿಫೋರ್ನಿಯಾಕ್ಕಿಂತ ಪುಣೆ ಜಿಲ್ಲೆಯ ಪುರಂದರ ತಾಲೂಕು ನಮಗೆ ಒಳ್ಳೆಯ ಗುರು. ಸಾಸವಡ ಸುತ್ತಿನ ಆ ಹಳ್ಳಿಗಳ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತು (ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ) ಸಿಕ್ಕಿದೆ. ಅಲ್ಲಿನವರು ಒಂದೇ ಪೂನಾ ತಳಿಯಿಂದ ವರ್ಷದ ಎರಡು ಕಾಲದಲ್ಲಿ ಹಣ್ಣು ಎತ್ತುತ್ತಾರೆ. ಬೇಸಿಗೆಯಲ್ಲಿ ನೀರು ಬಿಡಿಸಿ, ಜೂನ್ ಹೊತ್ತಿಗೆ ಸವರಿದರೆ ಮಳೆಗಾಲ ದಾಟಿ ನವೆಂಬರ್‌ನಿಂದ ಜನವರಿ ತನಕ ಹಣ್ಣು. ಅದಕ್ಕೆ ಖಟ್ಟಾ ಬಹಾರ್ ಅನ್ನುತ್ತಾರೆ, ಹುಳಿ ಫಸಲು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸವರಿದರೆ ಫೆಬ್ರವರಿ ಕೊನೆಯಿಂದ ಮೇ ತನಕ ಹಣ್ಣು, ಅದು ಮೀಠಾ ಬಹಾರ್, ಸಿಹಿ ಫಸಲು. ಗಿಡ ಅದೇ, ಮಣ್ಣು ಅದೇ, ತಳಿ ಅದೇ. ಕತ್ತರಿಯ ದಿನ ಬದಲಾದರೆ ಹಣ್ಣಿನ ತಿಂಗಳೂ ಬದಲು, ರುಚಿಯೂ ಬದಲು. ಚಿಗುರಿದ ಮೇಲೆ ಹಣ್ಣಿಗೆ ಸುಮಾರು 120ರಿಂದ 140 ದಿನ ಹಿಡಿಯುತ್ತದೆ ಎಂಬುದು ನಮ್ಮ ಸೀಮೆಗೂ ಸಲ್ಲುವ ಲೆಕ್ಕ.

ನಿಮ್ಮ ಬ್ರೌನ್ ಟರ್ಕಿಯ ಗುಟ್ಟು ಈಗ ಬಿಡಿಸಿಕೊಂಡಿತೇ? ಡಿಸೆಂಬರಿನಲ್ಲಿ ಕೊಟ್ಟ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಯಾರೋ ಸವರಿದ್ದಾರೆ, ಇಲ್ಲವೇ ಬೇಸಿಗೆಯಲ್ಲಿ ಕುಂಡ ಒಣಗಿ ಎಲೆ ಉದುರಿ, ಮಳೆಗೆ ತಾನಾಗಿ ಚಿಗುರಿದೆ. ಏಪ್ರಿಲ್‌ನಲ್ಲಿ ಕೊಟ್ಟ ವರ್ಷ ಮಳೆಗಾಲದ ತುಕ್ಕು ರೋಗಕ್ಕೆ ಎಲೆ ಉದುರಿ, ದಸರಾ ಕಳೆದ ಮೇಲೆ ಹೊಸದಾಗಿ ಹೊರಟಿರಬೇಕು. ಗಿಡಕ್ಕೆ ಎಲೆ ಉದುರಿ ಬೋಳಾದದ್ದೂ ಒಂದು ರೀತಿಯ ಸವರಿದ ಹಾಗೆಯೇ.

ತುಕ್ಕು ಅಂದೆನಲ್ಲ. ಎಲೆಯ ಅಡಿಯಲ್ಲಿ ಇಟ್ಟಿಗೆ ಪುಡಿ ಚೆಲ್ಲಿದಂತೆ ಕಾಣುವ ಬೂಷ್ಟು ಇದು. ನಮ್ಮ ಮಳೆಗಾಲದಲ್ಲಿ ಅಂಜೂರಕ್ಕೆ ದೊಡ್ಡ ಕಾಟ ಇದೇ. ಕಾಯಿ ಸಿಹಿ ತುಂಬಿಕೊಳ್ಳುವ ಹೊತ್ತಿಗೆ ಗಿಡದ ಮೇಲೆ ಎಲೆಯೇ ಇರುವುದಿಲ್ಲ. ಖಟ್ಟಾ ಬಹಾರ್ ಹುಳಿಯಾಗುವುದರಲ್ಲಿ ಮೋಡದ ಪಾಲೆಷ್ಟೋ ತುಕ್ಕಿನ ಪಾಲೂ ಅಷ್ಟೇ. ಉದುರಿದ ಎಲೆ ಬುಡದಲ್ಲಿ ಬಿಡಬೇಡಿ, ಗುಡಿಸಿ ಸುಡಿ. ಮಳೆ ಹಿಡಿಯುವ ಮುಂಚೆ ಶೇಕಡ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ಎಲೆಯ ಅಡಿಭಾಗ ನೆನೆಯುವಂತೆ ಹೊಡೆಯಿರಿ. ಮನೆ ಮಟ್ಟಿಗೆ ಅಷ್ಟು ಸಾಕು. ಮೈಸೂರಿನ ಸುತ್ತ ಮೀಠಾ ಬಹಾರ್ ಒಂದನ್ನೇ ಹಿಡಿದುಕೊಂಡು, ಮಳೆಗಾಲದಲ್ಲಿ ಗಿಡ ಹೇಗಾದರೂ ಬೆಳೆದುಕೊಳ್ಳಲಿ ಅಂತ ಬಿಡುವುದು ನನ್ನ ಸಲಹೆ. ನಿಮ್ಮ ಪಕ್ಕದ ಶ್ರೀರಂಗಪಟ್ಟಣದ ಗಂಜಾಂ ಹಿಂದೆ ಅಂಜೂರಕ್ಕೆ ಹೆಸರಾದ ಊರು. ನಿಮ್ಮ ಸೀಮೆಗೆ ಈ ಹಣ್ಣು ಹೊಸ ನಂಟಲ್ಲ.

ತಳಿಗಳನ್ನು ನಿಜವಾಗಿ ಹೋಲಿಸಬೇಕು ಅನ್ನುವ ಆಸೆ ನಿಮಗಿದ್ದರೆ, ಇದ್ದ ಹಾಗೆ ಕಾಣುತ್ತದೆ, ಹೀಗೆ ಮಾಡಿ. ಆಗಸ್ಟ್ ಕೊನೆಯಿಂದ ಗೊಬ್ಬರ ನಿಲ್ಲಿಸಿ. ಕುಂಡಗಳಿಗೆ ನೀರು ಕಡಿಮೆ ಮಾಡಿ. ಆಯುಧಪೂಜೆಯ ದಿನ ಹೇಗೂ ಕತ್ತರಿ, ಕುಡುಗೋಲು ತೊಳೆದು ಕುಂಕುಮ ಇಡುತ್ತೀರಿ. ಮಾರನೆಯ ದಿನ ನಾಲ್ಕೂ ಗಿಡವನ್ನು ಒಂದೇ ಹೊತ್ತಿನಲ್ಲಿ ಸವರಿ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರು ಇದನ್ನೇ ಚಾಟನಿ ಅನ್ನುತ್ತಾರೆ. ಹೋದ ವರ್ಷದ ರೆಂಬೆಗಳಲ್ಲಿ ಮೂರು-ನಾಲ್ಕು ಗಣ್ಣು ಬಿಟ್ಟು ಉಳಿದದ್ದು ತೆಗೆಯಿರಿ, ಎಲೆಯನ್ನೂ ಕಿತ್ತುಬಿಡಿ. ಆ ಹೊತ್ತಿಗೆ ಹಸ್ತ ಮಳೆ ಮುಗಿಯುತ್ತಾ ಚಿತ್ತೆ ಶುರುವಾಗುತ್ತಿರುತ್ತದೆ. ಆ ತೇವಕ್ಕೆ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಪಾತಿಗೆ ಸೇರಿಸಿ. ಬೇವಿನ ಹಿಂಡಿ ಮರೆಯಬೇಡಿ: ಬೇರುಗಂಟು ಜಂತುಹುಳು ಅಂಜೂರಕ್ಕೆ ಅಂಟಿದರೆ ಗಿಡ ವರ್ಷ ವರ್ಷ ಸೊರಗುತ್ತದೆ, ಮೇಲೆ ಕಾರಣ ಕಾಣುವುದಿಲ್ಲ.

ಆಮೇಲಿನ ಕೆಲಸ ಮುಖ್ಯ. ಅಂಜೂರದ ಗಿಡದಲ್ಲಿ ಎಲ್ಲ ಕಾಯಿ ಒಟ್ಟಿಗೆ ಹಣ್ಣಾಗುವುದಿಲ್ಲ. ರೆಂಬೆ ಉದ್ದವಾದಂತೆ ಒಂದೊಂದು ಎಲೆಗೆ ಒಂದೊಂದು ಕಾಯಿ ಮೂಡುತ್ತಾ ಹೋಗಿ, ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಮಾಗುತ್ತವೆ. 'ನಮ್ಮ ಡಿಯಾನಾ ಮಾರ್ಚ್ 10ಕ್ಕೆ ಹಣ್ಣಾಯಿತು' ಅಂದರೆ ಎಷ್ಟನೆಯ ಕಾಯಿ ಅಂತ ಕೇಳಬೇಕಾಗುತ್ತದೆ. ಆದ್ದರಿಂದ ಪ್ರತಿ ಗಿಡದಲ್ಲಿ ಬಿಸಿಲು ಬೀಳುವ ಮೂರು ರೆಂಬೆ ಆರಿಸಿ. ಪ್ರತಿ ರೆಂಬೆಯ ಅತಿ ಕೆಳಗಿನ ಕಾಯಿ ಬಟಾಣಿ ಗಾತ್ರವಾದ ದಿನ ಅದರ ತೊಟ್ಟಿನ ಪಕ್ಕ ಒಂದು ಬಣ್ಣದ ದಾರ ಸಡಿಲವಾಗಿ ಕಟ್ಟಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕತ್ತು ಬಾಗಿದ ದಿನ ಇನ್ನೊಂದು ಗುರುತು. ಕಿತ್ತ ದಿನ ಮೂರನೆಯದು. ಎರಡು ವರ್ಷ ಹೀಗೆ ಬರೆದರೆ ಯಾವ ಪುಸ್ತಕವೂ ಹೇಳದ್ದನ್ನು ನಿಮ್ಮ ಗೋಡೆ ಹೇಳುತ್ತದೆ. ರೆಂಬೆಯಲ್ಲಿ ಐದಾರು ಎಲೆ ಬಂದ ಮೇಲೆ ತುದಿ ಚಿವುಟಿದರೆ ಗಿಡದ ಗಮನ ಕಾಯಿಯ ಕಡೆ ಬೇಗ ತಿರುಗುತ್ತದೆ. ಆದರೆ ಹೋಲಿಸುವ ವರ್ಷ ಚಿವುಟಿದರೆ ಎಲ್ಲವನ್ನೂ ಚಿವುಟಿ, ಬಿಟ್ಟರೆ ಎಲ್ಲವನ್ನೂ ಬಿಡಿ.

ನನ್ನ ಹಿತ್ತಲಿನ ಅಂದಾಜು ಕೇಳಿದರೆ ಹೇಳುತ್ತೇನೆ, ಸಂಶೋಧನೆ ಅಂತ ಹಿಡಿಯಬೇಡಿ. ಒಂದೇ ದಿನ ಸವರಿದಾಗ ಬ್ರೌನ್ ಟರ್ಕಿ ಸಾಮಾನ್ಯವಾಗಿ ಮುಂದಿರುತ್ತದೆ, ಪೂನಾ ಅದರ ಬೆನ್ನಿಗೇ ಬರುತ್ತದೆ, ಕಾಯಿ ದಪ್ಪವಿರುವ ಡಿಯಾನಾ ಕೊನೆಗೆ. ಮೊದಲಿನದಕ್ಕೂ ಕೊನೆಯದಕ್ಕೂ ಎರಡು-ಮೂರು ವಾರದ ಅಂತರ. ಅದೇ ಗಿಡಗಳನ್ನು ಒಂದು ತಿಂಗಳು ತಡವಾಗಿ ಸವರಿದರೆ ಫಸಲು ಒಂದು ತಿಂಗಳಷ್ಟು ತಡವಾಗುವುದಿಲ್ಲ. ನವೆಂಬರಿನಲ್ಲಿ ಹೊರಟ ಕಾಯಿ ಜನವರಿಯ ತಂಪಿಗೆ ಸಿಕ್ಕಿ ತೂಕಡಿಸುತ್ತದೆ, ಡಿಸೆಂಬರಿನಲ್ಲಿ ಹೊರಟದ್ದು ಮಾರ್ಚಿನ ಬಿಸಿಲಿನಲ್ಲಿ ದಾಪುಗಾಲು ಹಾಕಿ ಅರ್ಧ ದಾರಿಗೆ ಬಂದು ಕೂಡಿಕೊಳ್ಳುತ್ತದೆ. ದಿನ ಎಣಿಸುವವರಿಗೆ ಇದು ತಲೆನೋವು. ಗಿಡ ಎಣಿಸುವುದು ದಿನವನ್ನಲ್ಲ, ಬಿಸಿಯನ್ನು.

ಹಾಗಾದರೆ ತಳಿ ಯಾಕೆ ಬೇಕು ಅಂತೀರೇನೋ. ಬೇರೆ ಕಾರಣಕ್ಕೆ ಬೇಕು. ಪೂನಾ ಮಧ್ಯಮ ಗಾತ್ರ, ಗಂಟೆಯ ಆಕಾರ, ನೇರಳೆ ಛಾಯೆಯ ತೆಳು ಸಿಪ್ಪೆ, ಒಳಗೆ ಗುಲಾಬಿ ಕೆಂಪು. ನಮ್ಮ ಹವೆಗೆ ಪಳಗಿದ ಗಿಡ. ಒಂದೇ ಗಿಡ ಹಾಕುವವರಿಗೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ. ಡಿಯಾನಾ ದಪ್ಪ, ಮಾಗಿದರೂ ಹಸಿರು ಹಳದಿ. ಬಣ್ಣ ನೋಡಿ ಕೀಳುವವರಿಗೆ ಅದು ಮೋಸ ಮಾಡುತ್ತದೆ, ಆದರೆ ಹಕ್ಕಿಗಳಿಗೂ ಸ್ವಲ್ಪ ತಡವಾಗಿ ತಿಳಿಯುತ್ತದೆ. ಕಾನಾಡ್ರಿಯಾದ ಕತೆ ಸ್ವಾರಸ್ಯದ್ದು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ವಿಶ್ವವಿದ್ಯಾಲಯದಲ್ಲಿ ಐರಾ ಕಾಂಡಿಟ್ ಎಂಬ ಅಂಜೂರದ ಪಂಡಿತ ವರ್ಷಗಟ್ಟಲೆ ಅಡ್ಡತಳಿ ಮಾಡಿ ಎಬ್ಬಿಸಿದ್ದು, 1950ರ ದಶಕದಲ್ಲಿ ಬೆಳೆಗಾರರ ಕೈಗೆ ಬಂತು. ಏಡ್ರಿಯಾಟಿಕ್ ಎಂಬ ಹಳೆಯ ತಳಿಯ ವಂಶದ ಗಿಡ, ತೆಳು ಹಸಿರು ಸಿಪ್ಪೆ, ಬೇಗ ಹುಳಿಯಾಗಿ ಕೊಳೆಯುವುದಿಲ್ಲ ಎಂಬುದೇ ಅದರ ಹೆಗ್ಗಳಿಕೆ. ಕಣ್ಣು ಅಗಲವಾಗಿ ತೆರೆದ ತಳಿಗಳಿಗೆ ಮಳೆನೀರು, ಹುಳು, ಹುಳಿ ಮೂರೂ ಒಳಗೆ ಹೋಗುತ್ತವೆ. ನಮ್ಮಂಥ ಮಳೆ ಸೀಮೆಯಲ್ಲಿ ತಳಿ ಆರಿಸುವಾಗ ಬೇಗವೋ ತಡವೋ ಅನ್ನುವುದಕ್ಕಿಂತ ಮೊದಲು ಕಣ್ಣು ನೋಡಬೇಕು.

ಈಗ ಅತ್ತೆಯ ಗಿಡ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಂಕೋಚ, ನಾಲ್ಕು ವರ್ಷ ಸಾಕಿದ್ದಾರೆ.

ಟರ್ಕಿಯಿಂದ ಬರುವ ಒಣ ಅಂಜೂರ ಬಹುಪಾಲು ಸ್ಮಿರ್ನಾ ಗುಂಪಿನದು. ಸ್ಮಿರ್ನಾ ಅಂದರೆ ಇಂದಿನ ಇಜ್ಮೀರ್ ಬಂದರು. ಈ ಗುಂಪಿನ ಹಣ್ಣಿಗೆ ಪರಾಗ ಬೇಕೇ ಬೇಕು. ಪರಾಗ ಇರುವುದು ಕಾಡು ಗಂಡು ಅಂಜೂರದಲ್ಲಿ, ಅದನ್ನು ತರುವುದು ಎಳ್ಳಿಗಿಂತ ಚಿಕ್ಕ ಒಂದು ಕಣಜ. ಕಣಜ ಕಣ್ಣಿನೊಳಗೆ ನುಸುಳಿ ಒಳಗಿನ ಹೂವುಗಳಿಗೆ ಪರಾಗ ಮುಟ್ಟಿಸಿದರೆ ಬೀಜ ಕಟ್ಟುತ್ತದೆ, ಹಣ್ಣು ನಿಲ್ಲುತ್ತದೆ. ಇಲ್ಲದಿದ್ದರೆ ಗೋಲಿ ಗಾತ್ರಕ್ಕೆ ಬಂದು, ಸೊರಗಿ, ಉದುರುತ್ತದೆ. ನಿಮ್ಮ ಪತ್ರದಲ್ಲಿ ಬರೆದದ್ದು ಇದನ್ನೇ. ಅಂಜೂರದ ಕಣಜ ನಮ್ಮ ಕಡೆ ಇಲ್ಲ. ನಮ್ಮ ಹಳ್ಳದ ದಂಡೆಯ ಅತ್ತಿಮರಕ್ಕೆ ಅದರದೇ ಬೇರೆ ಕಣಜವಿದೆ. ಅತ್ತಿಹಣ್ಣು ಬಿಡಿಸಿದರೆ ಹುಳ ಅನ್ನುವ ಮಾತು ಅದರಿಂದಲೇ ಬಂದದ್ದು. ಆದರೆ ಆ ಕಣಜಕ್ಕೆ ಅಂಜೂರದ ಮನೆ ಗೊತ್ತಿಲ್ಲ. ಪೂನಾ, ಬ್ರೌನ್ ಟರ್ಕಿ, ಡಿಯಾನಾ, ಕಾನಾಡ್ರಿಯಾ ನಾಲ್ಕೂ ಪರಾಗದ ಹಂಗಿಲ್ಲದೆ ಹಣ್ಣಾಗುವ ಗುಂಪಿನವು. ಅವುಗಳ ಬೀಜ ಹಲ್ಲಿಗೆ ಕರುಕುರು ಅಂದರೂ ಒಳಗೆ ಪೊಳ್ಳು, ಬಿತ್ತಿದರೆ ಹುಟ್ಟದು. ಹುಳ ಇದ್ದೀತೆಂಬ ಅನುಮಾನದಿಂದ ಅಂಜೂರ ಮುಟ್ಟದವರು ಮನೆಯಲ್ಲಿದ್ದರೆ ನಿಮ್ಮ ಗಿಡದ ಹಣ್ಣಿನ ಮಟ್ಟಿಗೆ ಕಣಜದ ಚಿಂತೆ ಬೇಡ.

ನಿಮ್ಮತ್ತೆಗೆ ಸಮಾಧಾನ ಹೇಳಲು ಒಂದು ಕತೆ. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದವರು ಸ್ಮಿರ್ನಾದಿಂದ ಸಾವಿರಾರು ಕಡ್ಡಿ ತರಿಸಿ ನೆಟ್ಟರು. ಗಿಡಗಳು ಸೊಂಪಾಗಿ ಬೆಳೆದವು, ಕಾಯಿ ಬಿಟ್ಟವು, ಅಷ್ಟೂ ಉದುರಿದವು. ತುರ್ಕರು ಬರಡು ಕಡ್ಡಿ ಕೊಟ್ಟು ಮೋಸ ಮಾಡಿದರು ಅಂತ ಅಲ್ಲಿನವರು ದೂರಿದರು. ಗಂಡು ಅಂಜೂರ ಬೇಕು, ಕಣಜ ಬೇಕು ಅಂದವರ ಮಾತನ್ನು ರೈತರ ಮೂಢನಂಬಿಕೆ ಅಂತ ನಕ್ಕರು. ಫ್ರೆಸ್ನೋದ ಜಾರ್ಜ್ ರೋಡಿಂಗ್ ಎಂಬ ಬೆಳೆಗಾರ 1890ರಲ್ಲಿ ಪರಾಗವನ್ನು ಕೈಯಿಂದಲೇ ಕಣ್ಣಿನೊಳಗೆ ಊದಿ ನೋಡಿದ. ಊದಿದ ಕಾಯಿ ನಿಂತವು. ಕೊನೆಗೆ 1899ರಲ್ಲಿ ಕಣಜವನ್ನೇ ತಂದು ಅವನ ತೋಟದಲ್ಲಿ ನೆಲೆಗೊಳಿಸಿದ ಮೇಲೆ ಆ ಮರಗಳು ಫಲ ಕೊಟ್ಟವು. ಅಂದರೆ ಸರ್ಕಾರ, ವಿಜ್ಞಾನಿಗಳು, ದೊಡ್ಡ ಜಮೀನುದಾರರು ಎಲ್ಲ ಸೇರಿ ಹತ್ತಿಪ್ಪತ್ತು ವರ್ಷ ತಿಣುಕಿದ ತೊಡಕಿಗೇ ನಿಮ್ಮತ್ತೆಯೂ ಸಿಕ್ಕಿಕೊಂಡದ್ದು.

ಬೀಜದ ಗಿಡದಲ್ಲಿ ಇನ್ನೊಂದು ಜೂಜೂ ಇದೆ. ಅರ್ಧದಷ್ಟು ಸಸಿಗಳು ಗಂಡಾಗುತ್ತವೆ, ಅವುಗಳ ಕಾಯಿ ತಿನ್ನಲು ಬಾರದು. ಉದುರಿದ ಕಾಯಿಯೊಂದನ್ನು ಉದ್ದಕ್ಕೆ ಸೀಳಿ ನೋಡಿ. ಕಣ್ಣಿನ ಹತ್ತಿರ ಕೇಸರಗಳ ಗುಂಪು ಕಂಡು, ಉಳಿದದ್ದು ಬೆಂಡಿನ ಹಾಗಿದ್ದರೆ ಗಂಡು. ಯಾವುದಾದರೂ ಸರಿ, ಕಡಿಯಬೇಡಿ. ಬೀಜದ ಗಿಡಕ್ಕೆ ಬೇರು ಗಟ್ಟಿ. ಫೆಬ್ರವರಿಯಲ್ಲಿ ಮೊಳಕಾಲೆತ್ತರಕ್ಕೆ ಕತ್ತರಿಸಿ, ಅದರ ಮೇಲೆ ನಿಮ್ಮದೇ ಪೂನಾದ ಬೆಣೆಕಸಿ ಕಟ್ಟಿ. ಬುಡ ಅತ್ತೆಯದು, ತಲೆ ಪೂನಾದ್ದು. ಮುಂದೊಂದು ಮಾರ್ಚಿನಲ್ಲಿ ಹಣ್ಣು ತಿನ್ನುವಾಗ ಗಿಡ ಯಾರದು ಎಂಬ ಜಗಳ ನಿಮಗೆ ಬಿಟ್ಟದ್ದು. ಜಾಗವೂ ಪೂರ್ತಿ ಬಿಸಿಲಿನದಾದರೆ, ಮಾವಿನ ನೆರಳಿನ ಪೂನಾ ಎಷ್ಟು ಹಿಂದೆ ಬೀಳುತ್ತದೆ ಎಂಬ ಲೆಕ್ಕವೂ ಅಲ್ಲೇ ಸಿಗುತ್ತದೆ.

ಕೀಳುವ ವಿಷಯ ಒಂದೇ ಮಾತಿನಲ್ಲಿ: ಕಾಯಿಯಾಗಿ ಕಿತ್ತು ಅಕ್ಕಿ ಡಬ್ಬದಲ್ಲಿ ಹಣ್ಣು ಮಾಡುವ ಸಪೋಟ-ಮಾವಿನ ಬುದ್ಧಿ ಇಲ್ಲಿ ನಡೆಯದು. ಕಿತ್ತ ಮೇಲೆ ಅಂಜೂರ ಮೆತ್ತಗಾಗುತ್ತದೆ, ಸಿಹಿಯಾಗುವುದಿಲ್ಲ. ಕತ್ತು ಜೋತು ಬೀಳಬೇಕು, ಸಿಪ್ಪೆಯಲ್ಲಿ ಸಣ್ಣ ಬಿರುಕು ಕಾಣಬೇಕು, ತೊಟ್ಟು ಮುರಿದಾಗ ಹಾಲು ಒಸರಬಾರದು. ಹಾಲು ಬಂದರೆ ಅದು ಇನ್ನೂ ಕಾಯಿಯೇ. ಪಿಕಳಾರ, ಅಳಿಲು, ಬಾವಲಿಗಳಿಂದ ಕಾಪಾಡಲು ಕತ್ತು ಬಾಗಿದ ದಿನವೇ ಸೊಳ್ಳೆಪರದೆ ಬಟ್ಟೆಯ ಚೀಲ ಕಟ್ಟಿ. ಸವರುವಾಗ ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ. ಅಂಜೂರದ ಹಾಲು ಮೈಗೆ ತಾಗಿ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ, ಕಲೆ ವಾರಗಟ್ಟಲೆ ಹೋಗುವುದಿಲ್ಲ.

ಕೊನೆಗೆ ನಿಮ್ಮಕ್ಕನ ಸೆಪ್ಟೆಂಬರ್. ನ್ಯೂಜೆರ್ಸಿಯಲ್ಲಿ ಚಳಿಗೆ ಅವರ ಗಿಡದ ರೆಂಬೆಗಳು ನೆಲದ ತನಕ ಸತ್ತರೂ ಚಿಕಾಗೊ ಹಾರ್ಡಿ ಬುಡದಿಂದ ಮತ್ತೆ ಎದ್ದು, ಅದೇ ವರ್ಷದ ಚಿಗುರಿನಲ್ಲಿ ಕಾಯಿ ಬಿಟ್ಟು, ಹಿಮ ಬೀಳುವ ಮುಂಚೆ ಮಾಗಿಸಿಬಿಡುತ್ತದೆ. ಮೂಲದಲ್ಲಿ ಅದು ಸಿಸಿಲಿಯ ಗಿಡ. ನ್ಯೂಜೆರ್ಸಿಯಲ್ಲಿ ಎರಡು ವಾರ ತಡವಾಗುವ ತಳಿ ಹಾಕಿದವರು ಅಕ್ಟೋಬರಿನಲ್ಲಿ ಹಸಿರು ಕಾಯಿ ನೋಡುತ್ತಾ ಕೂರುತ್ತಾರೆ. ಹಾಗಾಗಿ ಅವರಿಗೆ ತಳಿಯೇ ಎಲ್ಲ. ಇಂಗ್ಲೆಂಡಿನವರ ಕಷ್ಟ ಇನ್ನೂ ಹೆಚ್ಚು: ಅಲ್ಲಿ ಒಂದು ವರ್ಷದ ಬೇಸಿಗೆ ಸಾಲದೆ, ರೆಂಬೆಯ ತುದಿಯಲ್ಲಿ ಬಟಾಣಿಯಷ್ಟು ಮೂಡಿದ ಕಾಯಿಯನ್ನು ಚಳಿಗಾಲ ಪೂರ್ತಿ ಕಾಪಾಡಿ, ಮುಂದಿನ ವರ್ಷ ಆಗಸ್ಟ್-ಸೆಪ್ಟೆಂಬರ್‌ಗೆ ತಿನ್ನುತ್ತಾರೆ. ನೀವು ನೋಡಿದ ಪಟ್ಟಿಯ ಆಗಸ್ಟ್ ಅಲ್ಲಿಂದ ಬಂದದ್ದೂ ಇರಬಹುದು.

ಮುಂದಿನ ಸಲ ಊರಿಗೆ ಬರುವಾಗ ಅಕ್ಕ ಎರಡು 'ಬೇಗದ ತಳಿ' ಕಡ್ಡಿ ಪೆಟ್ಟಿಗೆಯಲ್ಲಿಟ್ಟು ತರುತ್ತೇನೆ ಅಂದರೆ ಬೇಡ ಅನ್ನಿ. ಪರವಾನಗಿ ಇಲ್ಲದೆ ಗಿಡ, ಕಡ್ಡಿ ತರುವುದು ಕಾನೂನಿಗೆ ವಿರುದ್ಧ, ಜೊತೆಗೆ ಬರುವ ರೋಗ ಯಾರಿಗೂ ಕಾಣುವುದಿಲ್ಲ. ಅದರ ಬದಲು ಸವರಲು ಹರಿತವಾದ ಒಂದು ಒಳ್ಳೆಯ ಕತ್ತರಿ ತರಲಿ, ಆಯುಧಪೂಜೆಗೆ ಮುಂಚೆ.